ಎಂಟು, ಆರು, ನಾಲ್ಕು: ಎಲ್ಡೊರಾಡೊ ಕಾರಿನ ಏರಿಳಿತ

1981ರಲ್ಲಿ ಅಮೆರಿಕದಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಕಾರನ್ನು ಕೊಂಡವರಿಗೆ ಅದರ ಡ್ಯಾಶ್‌ಬೋರ್ಡಿನಲ್ಲಿ ಒಂದು ಹೊಸ ಗುಂಡಿ ಕಾಣಸಿಕ್ಕಿತು. ಅದನ್ನು ಒತ್ತಿದರೆ ಪಕ್ಕದ ಪುಟ್ಟ ಗಾಜಿನಲ್ಲಿ ಒಂದು ಅಂಕಿ ಬೆಳಗುತ್ತಿತ್ತು. ಕೆಲವೊಮ್ಮೆ 8, ಕೆಲವೊಮ್ಮೆ 6, ಇನ್ನು ಕೆಲವೊಮ್ಮೆ 4. ಆ ಕ್ಷಣದಲ್ಲಿ ಎಂಜಿನಿನ ಎಂಟು ಸಿಲಿಂಡರುಗಳಲ್ಲಿ ಎಷ್ಟು ದುಡಿಯುತ್ತಿವೆ ಎಂಬುದರ ಲೆಕ್ಕ ಅದು. ಉಳಿದವು ಗಣಕದ ಅಪ್ಪಣೆಯಂತೆ ಸುಮ್ಮನಿದ್ದವು ಎಂದರ್ಥ. ವೈಯಕ್ತಿಕ ಕಂಪ್ಯೂಟರ್ ಎಂಬ ಮಾತೇ ಹೊಸದಾಗಿದ್ದ ಕಾಲದಲ್ಲಿ ಕಾರಿನ ಎಂಜಿನನ್ನೇ ಗಣಕ ಹಿಗ್ಗಿಸಿ ಕುಗ್ಗಿಸುತ್ತದೆ ಎಂದರೆ ಸಾಮಾನ್ಯ ಸಂಗತಿಯೇನಲ್ಲ. ಆದರೆ ಕೆಲವೇ ತಿಂಗಳುಗಳಲ್ಲಿ ಆ ಕಾರುಗಳು ಸಾಲುಸಾಲಾಗಿ ಗ್ಯಾರೇಜಿಗೆ ಮರಳಿ ಬಂದವು. ಮೆಕ್ಯಾನಿಕ್‌ಗಳು ಕಂಡುಕೊಂಡ ಚಿಕಿತ್ಸೆ ಬಹಳ ಸರಳವಾಗಿತ್ತು. ಒಂದು ತಂತಿಯನ್ನು ಕಿತ್ತುಬಿಡುವುದು! ಆಮೇಲೆ ಕಾರು ಸದಾಕಾಲ ಎಂಟು ಸಿಲಿಂಡರುಗಳ ಮೇಲೆಯೇ ಓಡುತ್ತಿತ್ತು. ಮಾಲೀಕ ನೆಮ್ಮದಿಯಾಗಿರುತ್ತಿದ್ದ.

ಒಂದೇ ಹೆಸರಿನ ಕಾರು ತಲೆಮಾರಿನಿಂದ ತಲೆಮಾರಿಗೆ ಒಳಗೊಳಗೇ ಎಷ್ಟು ಬದಲಾಗಬಲ್ಲದು, ಆ ಬದಲಾವಣೆಗಳ ಹಿಂದೆ ಏನೆಲ್ಲ ಒತ್ತಡಗಳಿರುತ್ತವೆ ಎಂಬುದನ್ನು ತಿಳಿಯಬೇಕಾದರೆ ಎಲ್ಡೊರಾಡೊಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1953ರಿಂದ 2002ರವರೆಗೆ, ಸುಮಾರು ಅರ್ಧ ಶತಮಾನ, ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಕ್ಯಾಡಿಲಾಕ್ ವಿಭಾಗದಲ್ಲಿ ಈ ಕಾರನ್ನು ತಯಾರಿಸಿತು. ಅದರ ಉದ್ದ ಬೆಳೆಯಿತು, ಕುಗ್ಗಿತು, ಮತ್ತೆ ಬೆಳೆಯಿತು. ಎಂಜಿನು 8.2 ಲೀಟರಿನವರೆಗೆ ಊದಿ 4.1 ಲೀಟರಿಗೆ ಇಳಿಯಿತು. ಹಿಂದಿನ ಗಾಲಿಗಳನ್ನು ತಿರುಗಿಸುತ್ತಿದ್ದ ಶಕ್ತಿ ಮುಂದಿನ ಗಾಲಿಗಳಿಗೆ ಹೋಯಿತು.

ಚಿನ್ನದ ಹೆಸರು

ಎಲ್ಡೊರಾಡೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಚಿನ್ನ ಲೇಪಿಸಿಕೊಂಡವನು’ ಎಂದು ಅರ್ಥ. ಕ್ಯಾಡಿಲಾಕ್ ಕಂಪನಿ 1902ರಲ್ಲಿ ಸ್ಥಾಪನೆಯಾಗಿತ್ತು. ಅದರ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಈ ಹೆಸರು ಹುಟ್ಟಿಕೊಂಡಿತು. ಮೊದಲ ವರ್ಷ, 1953ರಲ್ಲಿ, ತಯಾರಾದದ್ದು ಕೇವಲ 532 ಕಾರುಗಳು. ಬೆಲೆ 7,750 ಡಾಲರ್, ಅಂದಿನ ಅಮೆರಿಕದಲ್ಲಿ ಅದು ದೊಡ್ಡ ಮೊತ್ತ. ಅದೇ ವರ್ಷದ ಜನವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ತಮ್ಮ ಪದಗ್ರಹಣದ ಮೆರವಣಿಗೆಯಲ್ಲಿ ನಿಂತು ಕೈಬೀಸಿದ್ದು ಇದೇ ಕಾರಿನಲ್ಲಿ. ಮಡಿಸಬಹುದಾದ ಛಾವಣಿಯ ಆ ಕಾರಿಗೆ 1956ರಲ್ಲಿ ಗಟ್ಟಿ ಛಾವಣಿಯ ಕೂಪೆ ಜೊತೆಯಾಯಿತು. ಕೂಪೆ ಎಂಬುದು ಫ್ರೆಂಚ್ ಮಾತು. ‘ಕತ್ತರಿಸಿದ್ದು’ ಎಂದು ಅದರ ಅರ್ಥ. ಕುದುರೆ ಸಾರೋಟಿನ ಕಾಲದಲ್ಲಿ ಎದುರುಬದುರು ಆಸನಗಳಲ್ಲಿ ಒಂದನ್ನು ಕತ್ತರಿಸಿ ಮಾಡಿದ ಚಿಕ್ಕ ಗಾಡಿಗೆ ಆ ಹೆಸರಿತ್ತು. ಈಗ ಎರಡೇ ಬಾಗಿಲಿನ, ಹಿಂಬದಿ ಇಳಿಜಾರಾದ ಕಾರನ್ನು ಹಾಗೆನ್ನುತ್ತಾರೆ. ನಾಲ್ಕು ಬಾಗಿಲು ಇಡಬಹುದಾದಷ್ಟು ಜಾಗದಲ್ಲಿ ಎರಡೇ ಬಾಗಿಲು ಇಡುವುದೇ ಒಂದು ಐಷಾರಾಮ ಎನ್ನಿ.

ಮೊದಲ ಹದಿನಾಲ್ಕು ವರ್ಷಗಳ ಎಲ್ಡೊರಾಡೊಗಳು ತಂತ್ರಜ್ಞಾನದ ದೃಷ್ಟಿಯಿಂದ ಇತರ ಕ್ಯಾಡಿಲಾಕ್‌ಗಳಿಗಿಂತ ಬಹಳವೇನೂ ಭಿನ್ನವಾಗಿರಲಿಲ್ಲ. ಮುಂದೆ ಎಂಜಿನು, ನಡುವೆ ಉದ್ದನೆಯ ಶಾಫ್ಟ್, ಹಿಂದೆ ಡಿಫರೆನ್ಷಿಯಲ್. ನಮ್ಮ ಅಂಬಾಸಡರ್ ಕಾರಿನದೂ ಇದೇ ಜೋಡಣೆ. ವ್ಯತ್ಯಾಸವೇನಿದ್ದರೂ ಕ್ರೋಮಿಯಂ ಲೇಪನದಲ್ಲಿ, ವಿಮಾನದ ಬಾಲದಂತೆ ಮೇಲೆದ್ದ ರೆಕ್ಕೆಗಳಲ್ಲಿ, ಬೆಲೆಯಲ್ಲಿ.

ಸರಪಳಿ ಜೋಡಿಸಿದ ಎಂಜಿನು

ನಿಜವಾದ ಜಿಗಿತ ಬಂದದ್ದು 1967ರ ಮಾದರಿಯಲ್ಲಿ. ಆ ವರ್ಷ ಎಲ್ಡೊರಾಡೊ ಮುಂದಿನ ಗಾಲಿಗಳಿಂದ ಎಳೆಯಲ್ಪಡುವ ಕಾರಾಯಿತು. ಅದಕ್ಕೆ ಒಂದು ವರ್ಷ ಮೊದಲು ಅದೇ ಜನರಲ್ ಮೋಟಾರ್ಸ್‌ನ ಓಲ್ಡ್ಸ್‌ಮೊಬೀಲ್ ವಿಭಾಗ ಟೊರೊನಾಡೊ ಎಂಬ ಕಾರಿನಲ್ಲಿ ಈ ವ್ಯವಸ್ಥೆಯನ್ನು ತಂದಿತ್ತು. 1930ರ ದಶಕದ ಕಾರ್ಡ್ ಕಾರಿನ ನಂತರ ಅಮೆರಿಕದಲ್ಲಿ ಹೀಗೆ ಮುಂಗಾಲಿಯಿಂದ ನಡೆಯುವ ಕಾರೇ ಬಂದಿರಲಿಲ್ಲ.

ಇಲ್ಲಿ ಒಂದು ಸಮಸ್ಯೆಯಿತ್ತು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಕೂಡ ಮುಂಗಾಲಿಯ ಕಾರೇ. ಆದರೆ ಅದರದು 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನು. ಅದನ್ನು ಅಡ್ಡಲಾಗಿ ಕೂರಿಸಿ, ಪಕ್ಕದಲ್ಲೇ ಗೇರ್‌ಬಾಕ್ಸ್ ಇಟ್ಟರೆ ಮುಗಿಯಿತು. 1967ರ ಎಲ್ಡೊರಾಡೊದ್ದೋ ಏಳು ಲೀಟರಿನ ವಿ-8 ಎಂಜಿನು. ಅದನ್ನು ಅಡ್ಡಲಾಗಿ ಕೂರಿಸಿ ಪಕ್ಕದಲ್ಲಿ ಗೇರ್‌ಬಾಕ್ಸಿಗೆ ಜಾಗ ಹುಡುಕುವುದು ಆಗದ ಮಾತು. ಉದ್ದಕ್ಕೇ ಕೂರಿಸಿದರೆ ಗೇರ್‌ಬಾಕ್ಸ್ ಎಂದಿನಂತೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಮುಂಗಾಲಿಗೆ ಶಕ್ತಿಯನ್ನು ತರುವುದು ಹೇಗೆ?

ತಂತ್ರಜ್ಞರು ಗೇರ್‌ಬಾಕ್ಸನ್ನೇ ಮಡಿಸಿದರು. ಎಂಜಿನಿನ ಹಿಂತುದಿಯಲ್ಲಿ ಟಾರ್ಕ್ ಕನ್ವರ್ಟರ್ ಉಳಿಯಿತು. ಉಳಿದ ಗೇರ್‌ಬಾಕ್ಸನ್ನು ಕಿತ್ತು, ಹಿಂದುಮುಂದು ತಿರುಗಿಸಿ, ಎಂಜಿನಿನ ಎಡಪಕ್ಕಕ್ಕೆ ಒರಗಿಸಿಟ್ಟರು. ಇವೆರಡರ ನಡುವೆ ಶಕ್ತಿ ಸಾಗಿಸಲು ಸುಮಾರು ಎರಡಂಗುಲ ಅಗಲದ ಉಕ್ಕಿನ ಸರಪಳಿ. ಸೈಕಲ್ಲಿನ ಸರಪಳಿಯ ದೊಡ್ಡಣ್ಣ ಎಂದುಕೊಳ್ಳಬಹುದು. ಆದರೆ ಸದ್ದು ಮಾಡದಂತೆ ಅದರ ಹಲ್ಲುಗಳ ಆಕಾರವನ್ನು ವಿಶೇಷವಾಗಿ ರೂಪಿಸಲಾಗಿತ್ತು. ಗೇರ್‌ಬಾಕ್ಸಿನ ಮುಂದೆ ಡಿಫರೆನ್ಷಿಯಲ್, ಅಲ್ಲಿಂದ ಬಲಗಾಲಿಗೆ ಹೋಗುವ ಶಾಫ್ಟ್ ಎಂಜಿನಿನ ಕೆಳಗೆ ಹಾದುಹೋಗುತ್ತಿತ್ತು. 340 ಅಶ್ವಶಕ್ತಿಯನ್ನು ಒಂದು ಸರಪಳಿಗೆ ಒಪ್ಪಿಸುವುದೆಂದರೆ ಧೈರ್ಯದ ಕೆಲಸ. ಆ ಧೈರ್ಯ ಹುಸಿಹೋಗಲಿಲ್ಲ. ಮುಂದೆ ಹಲವು ವರ್ಷ ಎಲ್ಡೊರಾಡೊದಲ್ಲಿ ಇದೇ ವ್ಯವಸ್ಥೆ ನಡೆಯಿತು, ಬಾಳಿಕೆಯಲ್ಲಿ ಒಳ್ಳೆಯ ಹೆಸರನ್ನೇ ಪಡೆಯಿತು.

ಲಾಭವೇನು? ಕಾರಿನ ನಡುವೆ ಶಾಫ್ಟ್ ಹಾಯುವ ದಿಬ್ಬ ಇಲ್ಲವಾಗಿ ನೆಲ ಸಪಾಟಾಯಿತು. ಎಂಜಿನಿನ ಭಾರವೆಲ್ಲ ಎಳೆಯುವ ಗಾಲಿಗಳ ಮೇಲೆಯೇ ಬಿದ್ದುದರಿಂದ ಹಿಮ ಬಿದ್ದ ರಸ್ತೆಯಲ್ಲಿ ಹಿಡಿತ ಹೆಚ್ಚಿತು. ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್ ಅವರ ಕೈಕೆಳಗೆ ರೂಪುಗೊಂಡ ಅದರ ಚೂಪು ಅಂಚುಗಳ ದೇಹವನ್ನು ಇಂದಿಗೂ ಅಮೆರಿಕದ ಅತ್ಯಂತ ಸುಂದರ ಕಾರುಗಳ ಪಟ್ಟಿಯಲ್ಲಿ ಸೇರಿಸುವವರಿದ್ದಾರೆ. ಆಶ್ಚರ್ಯದ ವಿಷಯವೆಂದರೆ, ಎರಡು ಟನ್ ತೂಗುವ ಈ ಕಾರಿಗೆ ಮೊದಲ ವರ್ಷ ಮುಂದಿನ ಡಿಸ್ಕ್ ಬ್ರೇಕುಗಳನ್ನು ಬೇಕಾದರೆ ಹೆಚ್ಚು ಹಣ ತೆತ್ತು ಹಾಕಿಸಿಕೊಳ್ಳಬೇಕಿತ್ತು. ಎಲ್ಲ ಕಾರುಗಳಿಗೂ ಅವು ಬಂದದ್ದು 1968ರಲ್ಲಿ.

ಎಂಟೂಕಾಲು ಲೀಟರಿನ ಮಹಾಕಾಯ

1970ರಲ್ಲಿ ಎಂಜಿನಿನ ಗಾತ್ರ 500 ಘನ ಅಂಗುಲಕ್ಕೆ, ಅಂದರೆ 8.2 ಲೀಟರಿಗೆ ಏರಿತು. ಹತ್ತು ಮಾರುತಿ 800 ಕಾರುಗಳ ಎಂಜಿನುಗಳನ್ನು ಒಟ್ಟುಗೂಡಿಸಿದರೂ ಇಷ್ಟಾಗುವುದಿಲ್ಲ! ಕಂಪನಿ ಘೋಷಿಸಿದ ಶಕ್ತಿ 400 ಅಶ್ವಶಕ್ತಿ. ಮುಂದಿನ ವರ್ಷ ಅದೇ ಎಂಜಿನಿಗೆ 365. ಅದರ ಮುಂದಿನ ವರ್ಷ, 1972ರಲ್ಲಿ, 235. 1976ರ ಹೊತ್ತಿಗೆ 190. ಆರು ವರ್ಷಗಳಲ್ಲಿ ಎಂಜಿನು ಅರ್ಧಕ್ಕಿಂತ ಹೆಚ್ಚು ಸೊರಗಿಹೋಯಿತೇ?

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ಇಳಿಕೆಯಲ್ಲಿ ಮೂರು ಬೇರೆಬೇರೆ ಕಾರಣಗಳು ಬೆರೆತಿವೆ. ಮೊದಲನೆಯದು ಸೀಸ. ಆಗಿನ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಅದರಿಂದ ಪೆಟ್ರೋಲು ಹೆಚ್ಚಿನ ಒತ್ತಡವನ್ನು ತಡೆದುಕೊಂಡು, ಕಿಡಿ ಹಾರುವ ಮೊದಲೇ ತಾನಾಗಿ ಸಿಡಿಯದಂತೆ ಇರುತ್ತಿತ್ತು. ಸೀಸ ವಿಷವೆಂಬ ಅರಿವು ಬಲವಾಗಿ, ಕಡಿಮೆ ಸೀಸದ ಪೆಟ್ರೋಲಿಗೆ ಹೊಂದುವಂತೆ ಜನರಲ್ ಮೋಟಾರ್ಸ್ 1971ರಲ್ಲಿ ಎಲ್ಲ ಎಂಜಿನುಗಳ ಸಂಪೀಡನ ಅನುಪಾತವನ್ನು ತಗ್ಗಿಸಿತು. ಅದರಿಂದ ಶಕ್ತಿ ನಿಜವಾಗಿಯೂ ಕಡಿಮೆಯಾಯಿತು. (ಭಾರತದಲ್ಲಿ ಪೆಟ್ರೋಲು ದೇಶದಾದ್ಯಂತ ಸೀಸಮುಕ್ತವಾದದ್ದು 2000ದಲ್ಲಿ.) 1971ರಿಂದ 1972ಕ್ಕೆ ಆದ ಇಳಿಕೆಯಾದರೋ ಬಹುಪಾಲು ಕಾಗದದ ಮೇಲಿನದು. ಅಲ್ಲಿಯವರೆಗೆ ಎಂಜಿನನ್ನು ಬೆಂಚಿನ ಮೇಲೆ ಬರಿಮೈಯಲ್ಲಿ ಕೂರಿಸಿ, ಫ್ಯಾನು, ಸೈಲೆನ್ಸರು, ಗಾಳಿಯ ಫಿಲ್ಟರು ಯಾವುದೂ ಇಲ್ಲದೆ ಅಳೆಯುತ್ತಿದ್ದರು. 1972ರಿಂದ ಕಾರಿನಲ್ಲಿ ಇರುವಂತೆಯೇ ಎಲ್ಲವನ್ನೂ ಜೋಡಿಸಿ ಅಳೆಯತೊಡಗಿದರು. ಹಳೆಯ ಕಾರುಗಳ ಅಶ್ವಶಕ್ತಿಯನ್ನು ಇಂದಿನ ಕಾರುಗಳ ಜೊತೆ ಹೋಲಿಸುವವರು ಎಡವುವುದು ಇಲ್ಲಿಯೇ. ಮೂರನೆಯದು ಹೊಗೆಯ ನಿಯಂತ್ರಣ. 1975ರಿಂದ ಕೆಟಲಿಟಿಕ್ ಕನ್ವರ್ಟರ್ ಬಂತು. ಹೊಗೆ ಶುದ್ಧಿಗಾಗಿ ಎಂಜಿನಿನ ಕೈಕಾಲು ಇನ್ನಷ್ಟು ಕಟ್ಟಿದಂತಾಯಿತು.

1971ರಿಂದ 1978ರವರೆಗಿನ ಈ ತಲೆಮಾರು ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು. ಕೊನೆಯ ಮಾದರಿಯ ಉದ್ದ ಸುಮಾರು 5.7 ಮೀಟರ್. ಮಾರುತಿ 800ರ ಉದ್ದ ಸುಮಾರು 3.3 ಮೀಟರ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಹೆಚ್ಚು. 1976ರಲ್ಲಿ ಇದರ ತೆರೆದ ಛಾವಣಿಯ ಮಾದರಿಯನ್ನು ‘ಅಮೆರಿಕದ ಕೊನೆಯ ಕನ್ವರ್ಟಿಬಲ್’ ಎಂದು ಪ್ರಚಾರ ಮಾಡಲಾಯಿತು. ಜನ ಮುಗಿಬಿದ್ದು ಸುಮಾರು 14,000 ಕಾರು ಕೊಂಡರು. ಮುಂದೆ ಬೆಲೆ ಏರುತ್ತದೆಂದು ಷೆಡ್ಡಿನಲ್ಲಿ ಮುಚ್ಚಿಟ್ಟವರೂ ಇದ್ದರು. 1984ರಲ್ಲಿ ಕಂಪನಿ ಮತ್ತೆ ಕನ್ವರ್ಟಿಬಲ್ ಎಲ್ಡೊರಾಡೊ ತಂದಾಗ ಅವರಲ್ಲಿ ಕೆಲವರು ಮೋಸವಾಯಿತೆಂದು ಕೋರ್ಟಿಗೆ ಹೋದರು. ಗೆಲ್ಲಲಿಲ್ಲ.

ತೈಲದ ಬರ, ಅವಸರದ ಅಡಿಗೆ

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಸರಬರಾಜನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. 1975ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಪ್ರತಿ ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜು 1978ರಲ್ಲಿ ಗ್ಯಾಲನ್ನಿಗೆ 18 ಮೈಲಿ (ಲೀಟರಿಗೆ ಸುಮಾರು 7.7 ಕಿ.ಮೀ.), 1985ರಲ್ಲಿ 27.5 ಮೈಲಿ (ಸುಮಾರು 11.7 ಕಿ.ಮೀ.) ಇರಬೇಕು. ಇಲ್ಲವಾದರೆ ದಂಡ. ಏಳು ವರ್ಷದಲ್ಲಿ ಅರ್ಧದಷ್ಟು ಸುಧಾರಣೆ!

1979ರ ಎಲ್ಡೊರಾಡೊ ಈ ಕಾನೂನಿಗೆ ಕ್ಯಾಡಿಲಾಕ್ ಕೊಟ್ಟ ಮೊದಲ ಉತ್ತರ. ಮಟ್ಟಿಗೆ ಹೇಳಬೇಕಾದರೆ ಅದು ಒಳ್ಳೆಯ ಉತ್ತರವೇ. ಉದ್ದ ಅರ್ಧ ಮೀಟರ್ ಕಡಿಮೆಯಾಯಿತು, ತೂಕ ಅರ್ಧ ಟನ್ನಿನಷ್ಟು ಇಳಿಯಿತು. ಆದರೂ ಒಳಗೆ ಕುಳಿತವರಿಗೆ ಜಾಗ ಕಡಿಮೆಯಾದಂತೆ ಅನಿಸಲಿಲ್ಲ. ಹಿಂದಿನ ಗಾಲಿಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಬಂದು ಒಂದು ಗಾಲಿ ಗುಂಡಿಗೆ ಬಿದ್ದರೆ ಇನ್ನೊಂದು ಕುಲುಕುವುದು ತಪ್ಪಿತು. ನಾಲ್ಕು ಗಾಲಿಗಳಿಗೂ ಡಿಸ್ಕ್ ಬ್ರೇಕು, ಎಂಜಿನಿಗೆ ಕಾರ್ಬುರೇಟರಿನ ಬದಲು ವಿದ್ಯುನ್ಮಾನ ನಿಯಂತ್ರಣದ ಇಂಧನ ಇಂಜೆಕ್ಷನ್. ಮೊದಲ ವರ್ಷವೇ 67,000ಕ್ಕೂ ಹೆಚ್ಚು ಕಾರುಗಳು ಮಾರಾಟವಾದವು.

ಕಾರು ಚೆನ್ನಾಗಿತ್ತು. ಅದರೊಳಗೆ ಕೂರಿಸಿದ ಎಂಜಿನುಗಳ ಕತೆ ಬೇರೆ. ಹೆಚ್ಚು ಮೈಲೇಜಿಗೆಂದು ಕೊಟ್ಟ 5.7 ಲೀಟರಿನ ಡೀಸೆಲ್ ಎಂಜಿನನ್ನು ಪೆಟ್ರೋಲ್ ಎಂಜಿನು ತಯಾರಿಸುತ್ತಿದ್ದ ಸಾಲಿನಲ್ಲೇ, ಅದೇ ಸಲಕರಣೆಗಳಿಂದ ಮಾಡಬೇಕೆಂದು ನಿರ್ಧರಿಸಲಾಗಿತ್ತು. ಹಾಗಾಗಿ ಸಿಲಿಂಡರ್ ಹೆಡ್ಡನ್ನು ಬಿಗಿಯುವ ಬೋಲ್ಟುಗಳ ಸಂಖ್ಯೆ, ಜಾಗ ಎರಡೂ ಪೆಟ್ರೋಲ್ ಎಂಜಿನಿನವೇ ಉಳಿದವು. ಆದರೆ ಡೀಸೆಲ್ ಎಂಜಿನಿನೊಳಗಿನ ಒತ್ತಡ ಪೆಟ್ರೋಲಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೋಲ್ಟುಗಳು ಜಗ್ಗಿದವು, ಹೆಡ್ ಗ್ಯಾಸ್ಕೆಟ್ಟುಗಳು ಹರಿದವು. ಡೀಸೆಲಿನಲ್ಲಿ ಸೇರಿಕೊಂಡ ನೀರನ್ನು ಬೇರ್ಪಡಿಸುವ ವ್ಯವಸ್ಥೆಯೂ ಇಲ್ಲದೆ ಇಂಜೆಕ್ಷನ್ ಪಂಪುಗಳು ತುಕ್ಕು ಹಿಡಿದವು. ಅಮೆರಿಕದ ಕಾರು ಕೊಳ್ಳುವವರಿಗೆ ಡೀಸೆಲ್ ಎಂದರೆ ದೂರ ಸರಿಯುವ ಅಭ್ಯಾಸ ಬಿದ್ದದ್ದರಲ್ಲಿ ಈ ಎಂಜಿನಿನ ಪಾಲು ದೊಡ್ಡದು.

ಎರಡನೆಯ ಪ್ರಯತ್ನವೇ ಮೊದಲು ಹೇಳಿದ ಎಂಟು-ಆರು-ನಾಲ್ಕರ ಎಂಜಿನು. ಇದರ ಹಿಂದಿನ ತರ್ಕ ಮಾತ್ರ ಅಪ್ಪಟ ಚಿನ್ನ. ಎಳನೀರಿಗೆ ಹಾಕಿದ ಸ್ಟ್ರಾವನ್ನು ಬೆರಳಿನಿಂದ ಅರ್ಧ ಹಿಸುಕಿ ಹೀರಿ ನೋಡಿ, ಕೆನ್ನೆ ನೋಯುತ್ತದೆ. ದೊಡ್ಡ ಎಂಜಿನು ಹೆದ್ದಾರಿಯಲ್ಲಿ ಸಮವೇಗದಲ್ಲಿ ಸಾಗುವಾಗ ಅದರ ಸ್ಥಿತಿಯೂ ಅದೇ. ಬೇಕಾದ ಶಕ್ತಿ ಅಲ್ಪ, ಆದ್ದರಿಂದ ಗಾಳಿ ಒಳಬರುವ ಥ್ರಾಟಲ್ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಎಂಟು ಪಿಸ್ಟನ್‌ಗಳೂ ಆ ಸಣ್ಣ ಸಂದಿಯಿಂದ ಗಾಳಿಯನ್ನು ಹೀರಲು ಹೆಣಗುತ್ತವೆ. ಈ ಹೆಣಗಾಟಕ್ಕೇ ಒಂದಿಷ್ಟು ಪೆಟ್ರೋಲು ಸುಟ್ಟುಹೋಗುತ್ತದೆ. ನಾಲ್ಕನ್ನು ಕೆಲಸದಿಂದ ಬಿಡಿಸಿ, ಉಳಿದ ನಾಲ್ಕಕ್ಕೆ ಬಾಗಿಲನ್ನು ಅಗಲವಾಗಿ ತೆರೆದರೆ ಅದೇ ಕೆಲಸ ಕಡಿಮೆ ಪೆಟ್ರೋಲಿನಲ್ಲಿ ಆಗುತ್ತದೆ.

ಈಟನ್ ಕಂಪನಿಯ ಜೊತೆಗೂಡಿ ರೂಪಿಸಿದ ವಿಧಾನ ಹೀಗಿತ್ತು. ಕವಾಟಗಳನ್ನು ಒತ್ತಿ ತೆರೆಯುವ ರಾಕರ್ ಎಂಬ ಸನ್ನೆಕೋಲಿಗೆ ಒಂದು ಆಧಾರಬಿಂದು ಇರುತ್ತದಷ್ಟೆ. ವಿದ್ಯುತ್ ಹರಿಸಿದಾಗ ಸೊಲಿನಾಯ್ಡ್ ಆ ಆಧಾರಬಿಂದುವನ್ನು ಬಿಡಿಸಿಬಿಡುತ್ತಿತ್ತು. ಆಗ ಸನ್ನೆಕೋಲು ಅಲ್ಲಾಡಿದರೂ ಕವಾಟ ತೆರೆಯುವುದಿಲ್ಲ. ಎರಡೂ ಕವಾಟ ಮುಚ್ಚಿದ ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ಕುಗ್ಗುತ್ತ ಹಿಗ್ಗುತ್ತ ಇರುತ್ತದೆ, ಶಕ್ತಿಯ ನಷ್ಟ ಅಷ್ಟಾಗಿ ಇಲ್ಲ. ಈ ಯಂತ್ರಭಾಗ ಹೆಚ್ಚು ತೊಂದರೆ ಕೊಡಲಿಲ್ಲ. ಕೈಕೊಟ್ಟದ್ದು ಮಿದುಳು. ವೇಗ, ಗೇರು, ಥ್ರಾಟಲ್, ಎಂಜಿನಿನ ಬಿಸಿ ಎಲ್ಲವನ್ನೂ ಅಳೆದು ಕ್ಷಣಮಾತ್ರದಲ್ಲಿ ತೀರ್ಮಾನಿಸಬೇಕಿದ್ದ ಅಂದಿನ ಗಣಕ ಅಷ್ಟು ಚುರುಕಾಗಿರಲಿಲ್ಲ. ಚಾಲಕನ ಕಾಲಿನಿಂದ ಥ್ರಾಟಲ್ಲಿಗೆ ನೇರ ಕೇಬಲ್ ಇದ್ದುದರಿಂದ, ಸಿಲಿಂಡರುಗಳು ಕಳಚಿಕೊಂಡ ಕ್ಷಣದಲ್ಲೇ ಥ್ರಾಟಲನ್ನು ತುಸು ತೆರೆದು ಜರ್ಕನ್ನು ಮರೆಮಾಚುವ ದಾರಿ ಗಣಕಕ್ಕೆ ಇರಲಿಲ್ಲ. ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಜಾಗದಲ್ಲಿ ಪೆಟ್ರೋಲು ಚಿಮುಕಿಸುತ್ತಿದ್ದುದರಿಂದ ಅಳತೆಯೂ ಏರುಪೇರಾಗುತ್ತಿತ್ತು. ಕಾರು ಮುಗ್ಗರಿಸುತ್ತ, ಎಗರುತ್ತ ಸಾಗುತ್ತಿತ್ತು. ಹತ್ತಕ್ಕೂ ಹೆಚ್ಚು ಬಾರಿ ಗಣಕದ ಚಿಪ್ಪನ್ನು ತಿದ್ದಿ ಬದಲಾಯಿಸಿದರೂ ಗ್ರಾಹಕರ ದೂರು ನಿಲ್ಲಲಿಲ್ಲ. ಒಂದೇ ವರ್ಷಕ್ಕೆ ಎಲ್ಡೊರಾಡೊದಿಂದ ಆ ಎಂಜಿನನ್ನು ತೆಗೆದುಹಾಕಲಾಯಿತು.

ಅದರ ಜಾಗಕ್ಕೆ 1982ರಲ್ಲಿ ಬಂದ 4.1 ಲೀಟರಿನ ಎಂಜಿನಿಗೆ ‘ಎಚ್‌ಟಿ’ ಎಂದು ಹೆಸರಿಟ್ಟಿದ್ದರು, ಹೈ ಟೆಕ್ನಾಲಜಿ ಎಂಬುದರ ಮೊದಲಕ್ಷರಗಳು. ಹಗುರವಾಗಲೆಂದು ಅದರ ಬ್ಲಾಕು ಅಲ್ಯೂಮಿನಿಯಂ, ಹೆಡ್ಡುಗಳು ಎರಕದ ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ಪ್ರತಿ ಸಲ ಎಂಜಿನು ಕಾದು ಆರಿದಾಗಲೂ ನಡುವಿನ ಗ್ಯಾಸ್ಕೆಟ್ ತಿಕ್ಕಾಟಕ್ಕೆ ಸಿಕ್ಕಿ, ತಂಪುಮಾಡುವ ನೀರು ಆಯಿಲಿಗೆ ಸೇರತೊಡಗಿತು. ನೀರು ಬೆರೆತ ಆಯಿಲು ಬೇರಿಂಗುಗಳನ್ನು ತಿಂದುಹಾಕಿತು. ಯೋಜಿಸಿದ್ದಕ್ಕಿಂತ ಮೊದಲೇ ಮಾರುಕಟ್ಟೆಗೆ ಬಂದ ಎಂಜಿನು ಅದು. ಶಕ್ತಿಯೋ 125 ಅಶ್ವಶಕ್ತಿ ಮಾತ್ರ.

ಮೂರನೆಯ ಒಂದು ಪಾಲು ಊರು

1986ರ ಎಲ್ಡೊರಾಡೊಗಾಗಿ ಜನರಲ್ ಮೋಟಾರ್ಸ್ ಡೆಟ್ರಾಯಿಟ್ ಮತ್ತು ಹ್ಯಾಮ್‌ಟ್ರಾಮಕ್ ನಗರಗಳ ಗಡಿಯಲ್ಲಿ ಹೊಸ ಕಾರ್ಖಾನೆ ಕಟ್ಟಿತು. ಅದು ಖಾಲಿ ಜಾಗವಾಗಿರಲಿಲ್ಲ. ಪೋಲೆಂಡಿನಿಂದ ಬಂದು ನೆಲೆಸಿದ್ದವರ ಪೋಲ್‌ಟೌನ್ ಎಂಬ ಹಳೆಯ ಬಡಾವಣೆ. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮನೆಮಠ, ಅಂಗಡಿ, ಇಗರ್ಜಿಗಳು ಅಲ್ಲಿದ್ದವು. ನಗರಾಡಳಿತ ಭೂಸ್ವಾಧೀನ ಮಾಡಿಕೊಂಡಾಗ ಜನ ನ್ಯಾಯಾಲಯಕ್ಕೆ ಹೋದರು. 1981ರಲ್ಲಿ ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಾರ್ಖಾನೆಯ ಪರ ತೀರ್ಪಿತ್ತಿತು. ಮನೆಗಳು ನೆಲಸಮವಾದವು. ಅದೇ ನ್ಯಾಯಾಲಯ 2004ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಆ ಹಳೆಯ ತೀರ್ಪು ತಪ್ಪೆಂದು ತಳ್ಳಿಹಾಕಿತು. ಅಷ್ಟರಲ್ಲಿ ಅಲ್ಲಿ ಮರಳಿ ಕೊಡಲು ಯಾವ ಮನೆಯೂ ಉಳಿದಿರಲಿಲ್ಲ.

ಹೊಸ ಕಾರ್ಖಾನೆಯಲ್ಲಿ ರೋಬೋಟುಗಳು ತುಂಬಿದ್ದವು. ಆರಂಭದ ದಿನಗಳಲ್ಲಿ ಅವು ಕಾರಿನ ಬದಲು ಒಂದರ ಮೇಲೊಂದು ಬಣ್ಣ ಎರಚಿಕೊಂಡವೆಂದು ಪತ್ರಿಕೆಗಳು ವರದಿ ಮಾಡಿದವು. ಅಲ್ಲಿಂದ ಹೊರಬಂದ ಕಾರಿನ ತಾಂತ್ರಿಕ ರಚನೆ ಪೂರ್ತಿ ಹೊಸದು. ಅದುವರೆಗೆ ಲಾರಿಯಂತೆ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಕೂರಿಸುತ್ತಿದ್ದರು. ಈಗ ಮೈಯೇ ಭಾರ ಹೊರುವ ಚೌಕಟ್ಟಾಯಿತು. ಎಂಜಿನು ಅಡ್ಡಲಾಗಿ ಕುಳಿತು, ಅದನ್ನು ಉದ್ದಕ್ಕೆ ಕೂರಿಸುವ ಹಳೆಯ ಜೋಡಣೆಯ ಕಾಲ ಮುಗಿಯಿತು. ಉದ್ದ 4.78 ಮೀಟರಿಗೆ ಇಳಿಯಿತು, ಹಿಂದಿನದಕ್ಕಿಂತ 40 ಸೆಂಟಿಮೀಟರ್ ಕಡಿಮೆ. ಪೆಟ್ರೋಲಿನ ಬೆಲೆ ಏರುತ್ತಲೇ ಹೋಗುತ್ತದೆಂಬ ಲೆಕ್ಕಾಚಾರದ ಮೇಲೆ ರೂಪಿಸಿದ ಕಾರು ಅದು. ಆದದ್ದು ಉಲ್ಟಾ. 1986ರ ಮಧ್ಯದ ಹೊತ್ತಿಗೆ ಕಚ್ಚಾ ತೈಲದ ಬೆಲೆ ಪೀಪಾಯಿಗೆ 10 ಡಾಲರಿನ ಆಸುಪಾಸಿಗೆ ಕುಸಿದಿತ್ತು.

ಇದೇ ಸಂಸ್ಥೆಯ ಅಗ್ಗದ ಕಾರುಗಳು ನೋಡಲು ಹೆಚ್ಚುಕಡಿಮೆ ಹೀಗೆಯೇ ಇದ್ದವು. ಅವುಗಳ ಎರಡು ಪಟ್ಟು ಬೆಲೆ ಕೊಟ್ಟು ಅಷ್ಟೇ ಚಿಕ್ಕದಾಗಿ ಕಾಣುವ ಕಾರನ್ನು ಯಾರು ಕೊಂಡಾರು? 1985ರಲ್ಲಿ 76,000ಕ್ಕೂ ಹೆಚ್ಚು ಎಲ್ಡೊರಾಡೊಗಳು ತಯಾರಾಗಿದ್ದವು, 1986ರಲ್ಲಿ ಸುಮಾರು 21,000. ತಾಂತ್ರಿಕವಾಗಿ ಹಿಂದಿನದಕ್ಕಿಂತ ಮುಂದುವರಿದ ಕಾರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ದರ್ಜೆಯ ಕಾರು ಕೊಳ್ಳುವವನು ರಚನೆಯನ್ನಲ್ಲ, ಠೀವಿಯನ್ನು ಕೊಳ್ಳುತ್ತಾನೆ. 1988ರಲ್ಲಿ ಮೂರಂಗುಲ ಉದ್ದ ಸೇರಿಸಿ, 4.5 ಲೀಟರಿನ ಎಂಜಿನು ಕೊಟ್ಟು ತೇಪೆ ಹಾಕಿದ್ದಾಯಿತು. 

1992ರಲ್ಲಿ ಬಂದ ಕೊನೆಯ ತಲೆಮಾರು ಮತ್ತೆ ಐದು ಮೀಟರ್ ದಾಟಿತು. ಅದಕ್ಕೆ ಮರುವರ್ಷ ನಾರ್ತ್‌ಸ್ಟಾರ್ ಎಂಬ ಎಂಜಿನು ಬಂತು. 4.6 ಲೀಟರು, ನಾಲ್ಕು ಕ್ಯಾಮ್‌ಶಾಫ್ಟು, 32 ಕವಾಟ. ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ. ಟೂರಿಂಗ್ ಕೂಪೆ ಮಾದರಿಯಲ್ಲಿ 295 ಅಶ್ವಶಕ್ತಿ. ಲೆಕ್ಕ ಹಾಕಿದರೆ ಲೀಟರಿಗೆ 64. 1976ರ ಮಹಾಕಾಯ ಎಂಜಿನು ಕೊಟ್ಟದ್ದು ಲೀಟರಿಗೆ 23, ‘ಹೈ ಟೆಕ್ನಾಲಜಿ’ ಎಂಜಿನು 30. ಸಿಲಿಂಡರಿಗೆ ನಾಲ್ಕು ಕವಾಟವಿದ್ದರೆ ಎಂಜಿನು ಸಲೀಸಾಗಿ ಉಸಿರಾಡುತ್ತದೆ, ಪ್ರತಿ ಸಿಲಿಂಡರಿಗೂ ಬೇರೆಬೇರೆ ಇಂಜೆಕ್ಟರ್ ಇದ್ದರೆ ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಇವೇ ಈ ಜಿಗಿತದ ಗುಟ್ಟು. ರೇಡಿಯೇಟರಿನ ನೀರೆಲ್ಲ ಸೋರಿಹೋದರೆ ಈ ಎಂಜಿನಿನ ಗಣಕ ಅರ್ಧ ಸಿಲಿಂಡರುಗಳಿಗೆ ಸರದಿಯ ಮೇಲೆ ಪೆಟ್ರೋಲು ನಿಲ್ಲಿಸಿ, ಬರೀ ಗಾಳಿಯನ್ನು ಹಾಯಿಸಿ ತಂಪು ಮಾಡುತ್ತಿತ್ತು. ಹೀಗೆ ಸುಮಾರು 80 ಕಿಲೋಮೀಟರ್ ದೂರದ ಗ್ಯಾರೇಜಿಗೆ ತಲುಪಬಹುದೆಂದು ಕಂಪನಿ ಹೇಳಿಕೊಂಡಿತು. ಇದಕ್ಕೂ ಒಂದು ಕಾಯಿಲೆ ಇದ್ದೇ ಇತ್ತು. ವರ್ಷಗಳು ಕಳೆದಂತೆ ಹೆಡ್ ಬೋಲ್ಟುಗಳು ಅಲ್ಯೂಮಿನಿಯಂ ಬ್ಲಾಕಿನ ಮರೆಗಳನ್ನೇ ಕಿತ್ತುಕೊಂಡು ಬರುತ್ತಿದ್ದವು.

ಸಿಲಿಂಡರುಗಳನ್ನು ಮಲಗಿಸುವ ಯೋಚನೆ ಸತ್ತಿರಲಿಲ್ಲ. 1990ರ ದಶಕದ ಕೊನೆಗೆ ಮರ್ಸಿಡಿಸ್ ತನ್ನ ದೊಡ್ಡ ಕಾರುಗಳಲ್ಲಿ ಅದನ್ನು ಮರಳಿ ತಂದಿತು. 2005ರ ಹೊತ್ತಿಗೆ ಜನರಲ್ ಮೋಟಾರ್ಸ್ ಕೂಡ ತನ್ನ ವಿ-8 ಎಂಜಿನುಗಳಿಗೆ ಅದನ್ನು ಅಳವಡಿಸಿತು. ಈಗ ಕಾಲಿಗೂ ಥ್ರಾಟಲ್ಲಿಗೂ ನಡುವೆ ಕೇಬಲ್ ಇಲ್ಲ, ಗಣಕವೇ ಮಧ್ಯವರ್ತಿ. ಜರ್ಕು ಚಾಲಕನಿಗೆ ತಿಳಿಯುವ ಮೊದಲೇ ಅದು ಸರಿದೂಗಿಸುತ್ತದೆ. ಭಾರತದಲ್ಲಿ 2021ರಲ್ಲಿ ಬಿಡುಗಡೆಯಾದ ಸ್ಕೋಡಾ ಕುಷಾಕ್, ಫೋಕ್ಸ್‌ವ್ಯಾಗನ್ ಟೈಗುನ್ ಕಾರುಗಳ 1.5 ಲೀಟರಿನ ಎಂಜಿನು ನೋಡಿ. ತುಮಕೂರು ದಾಟಿ ಹೆದ್ದಾರಿಯಲ್ಲಿ ಹದವಾಗಿ ಹೋಗುತ್ತಿರುವಾಗ ಅದರ ನಾಲ್ಕು ಸಿಲಿಂಡರುಗಳಲ್ಲಿ ನಡುವಿನ ಎರಡು ತಣ್ಣಗೆ ಮಲಗಿರುತ್ತವೆ. ಕಾರಿನಲ್ಲಿ ಕುಳಿತವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಎಲ್ಡೊರಾಡೊ ಅಷ್ಟು ದಿನ ಬದುಕಲಿಲ್ಲ. ಎರಡು ಬಾಗಿಲಿನ ದೊಡ್ಡ ಕಾರಿನ ಬದಲು ಎತ್ತರದ ಎಸ್‌ಯುವಿಗಳ ಕಡೆಗೆ ಅಮೆರಿಕದ ಹಣವಂತರು ವಾಲಿದ್ದರು. ಕೊನೆಯ ವರ್ಷ ಕಂಪನಿ 1,596 ವಿಶೇಷ ಕಾರುಗಳನ್ನು ಕೆಂಪು ಹಾಗೂ ಬಿಳಿ ಬಣ್ಣದಲ್ಲಿ ತಯಾರಿಸಿತು. 1953ರ 532ರ ನೆನಪಿಗೆಂದು, ಅಷ್ಟಷ್ಟರ ಮೂರು ತಂಡಗಳಲ್ಲಿ. 2002ರ ಏಪ್ರಿಲ್ 22ರಂದು ಮಿಷಿಗನ್‌ನ ಲ್ಯಾನ್ಸಿಂಗ್ ಕಾರ್ಖಾನೆಯಲ್ಲಿ ಕೊನೆಯದು ಸಿದ್ಧವಾಯಿತು. ಪೋಲ್‌ಟೌನಿನ ಜಾಗದಲ್ಲಿ ಎದ್ದ ಹ್ಯಾಮ್‌ಟ್ರಾಮಕ್ ಕಾರ್ಖಾನೆಗೆ 2021ರಿಂದ ಹೊಸ ಕೆಲಸ ಸಿಕ್ಕಿತು, ವಿದ್ಯುತ್ ವಾಹನಗಳ ತಯಾರಿಕೆ. ಅವುಗಳಿಗೆ ಸಿಲಿಂಡರೇ ಇಲ್ಲ.